ಎದೆಯುರಿಗೆ ಆಹಾರಕ್ರಮ: ತಟ್ಟೆ, ಹೊತ್ತು, ಹಾಸಿಗೆ

ಜಠರದಲ್ಲಿ ಇರಬೇಕಾದ ಹುಳಿರಸ ಅನ್ನನಾಳಕ್ಕೆ ಮೇಲೇರಿ ಬರುವುದೇ ಆಸಿಡ್ ರಿಫ್ಲಕ್ಸ್. ಎದೆಯ ನಡುಮೂಳೆಯ ಹಿಂದೆ ಉರಿ, ಗಂಟಲಿಗೆ ಉಕ್ಕುವ ಹುಳಿನೀರು, ಬಗ್ಗಿದಾಗಲೂ ಮಲಗಿದಾಗಲೂ ಹೆಚ್ಚುವ ಸಂಕಟ ಇದರ ಮುಖ್ಯ ಲಕ್ಷಣಗಳು. ಕೆಲವರಲ್ಲಿ ಉರಿಯ ಬದಲು ಒಣಕೆಮ್ಮು, ಬೆಳಗಿನ ಗೊಗ್ಗರು ದನಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಅನುಭವ ಕಾಣಿಸುತ್ತದೆ. ಎದೆಯುರಿ, ಹುಳಿತೇಗು ಎಂಬ ಹಳೆಯ ಮಾತುಗಳು ಕನ್ನಡದಲ್ಲಿವೆ. ಇಂದು ಹಳ್ಳಿ, ಪಟ್ಟಣ ಎರಡರಲ್ಲೂ ಎದೆಯುರಿ, ಹೊಟ್ಟೆಯುಬ್ಬರ, ಅಜೀರ್ಣ, ಜಠರದ ಹುಣ್ಣು ಎಲ್ಲವನ್ನೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದದಲ್ಲಿ ಹೇಳುವುದು ರೂಢಿಯಾಗಿದೆ. ಒಂದೊಂದರ ಕಾರಣವೂ ಚಿಕಿತ್ಸೆಯೂ ಬೇರೆಯಾದ್ದರಿಂದ ಈ ಬೆರಕೆಯಿಂದ ರೋಗಿಗೆ ನಷ್ಟವೇ ಹೆಚ್ಚು.

ಹಬ್ಬದೂಟದ ನಂತರ ಒಮ್ಮೊಮ್ಮೆ ಸ್ವಲ್ಪ ಆಮ್ಲ ಮೇಲೆ ಬರುವುದು ಆರೋಗ್ಯವಂತರಲ್ಲೂ ಉಂಟು. ಅದು ರೋಗವಾಗುವುದು ಯಾವಾಗ ಎಂಬುದಕ್ಕೆ 2006ರಲ್ಲಿ ಪ್ರಕಟವಾದ ಮಾಂಟ್ರಿಯಲ್ ಒಮ್ಮತದ ವ್ಯಾಖ್ಯೆ ಒಂದು ಅಳತೆ ಕೊಟ್ಟಿತು: ವಾರಕ್ಕೆ ಎರಡು ದಿನ ಅಥವಾ ಅದಕ್ಕಿಂತ ಹೆಚ್ಚು ಸೌಮ್ಯ ಉರಿ, ಇಲ್ಲವೇ ವಾರಕ್ಕೆ ಒಂದಕ್ಕಿಂತ ಹೆಚ್ಚು ದಿನ ಕಾಡುವ ಉರಿ ಇದ್ದರೆ ಅದನ್ನು ಕಾಯಿಲೆ ಎಂದು ಎಣಿಸಬೇಕು. ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆ ಹಲವು ಕೇಂದ್ರಗಳಲ್ಲಿ ಸುಮಾರು 3,200 ಜನರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 7.6 ಮಂದಿಗೆ ಈ ತೊಂದರೆ ಇತ್ತು.

ಇವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ‘ಏನು ತಿನ್ನಬಾರದು?’ ಎಂಬುದು. ಉತ್ತರವಾಗಿ ಸಿಗುವ ಪಟ್ಟಿ ಉದ್ದವಾಗಿರುತ್ತದೆ: ಖಾರ ಬೇಡ, ಹುಳಿ ಬೇಡ, ಕಾಫಿ ಬೇಡ, ಟೊಮೆಟೊ ಬೇಡ, ಬೇಳೆ ಬೇಡ. ಈ ಪಟ್ಟಿಯಲ್ಲಿ ಯಾವುದಕ್ಕೆ ಗಟ್ಟಿ ಆಧಾರವಿದೆ, ಯಾವುದು ಬರೀ ರೂಢಿಯ ಮಾತು ಎಂಬುದನ್ನು ತಿಳಿಯಬೇಕಾದರೆ ಆಮ್ಲ ಮೇಲೇರುವ ಬಗೆಯಿಂದಲೇ ಆರಂಭಿಸಬೇಕು.

ಆಮ್ಲ ಮೇಲೇರುವ ಬಗೆ

ಅನ್ನನಾಳವು ವಯಸ್ಕರಲ್ಲಿ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುಕೊಳವೆ. ಅದು ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯನ್ನು ತೂರಿ ಜಠರವನ್ನು ಸೇರುವಲ್ಲಿ 3–4 ಸೆಂ.ಮೀ. ಉದ್ದದ ಒಂದು ಸ್ನಾಯುಬಳೆ ಇದೆ. ವಿರಾಮದಲ್ಲಿ ಅದರ ಒತ್ತಡ 10ರಿಂದ 30 ಮಿ.ಮೀ. ಪಾದರಸದಷ್ಟು. ಒಳಗಿನಿಂದ ಈ ಬಳೆ, ಹೊರಗಿನಿಂದ ವಪೆಯ ಹಿಡಿತ, ಎರಡೂ ಸೇರಿ ಬಾಗಿಲನ್ನು ಮುಚ್ಚಿಡುತ್ತವೆ. ವಪೆಯ ಕಿಂಡಿ ಸಡಿಲವಾಗಿ ಜಠರದ ಮೇಲ್ಭಾಗ ಎದೆಗೂಡಿನೊಳಕ್ಕೆ ಸರಿದರೆ ಈ ಎರಡು ಹಿಡಿತಗಳು ಬೇರೆಯಾಗುತ್ತವೆ. ಇದನ್ನೇ ಹಯಾಟಸ್ ಹರ್ನಿಯಾ ಎನ್ನುವುದು.

ಜಠರ ದಿನಕ್ಕೆ ಸುಮಾರು ಒಂದೂವರೆ–ಎರಡು ಲೀಟರ್ ರಸ ಸುರಿಸುತ್ತದೆ. ಅದರ ಪಿ.ಎಚ್. 1.5–2ರ ಆಸುಪಾಸು, ಅಂದರೆ ನಿಂಬೆರಸಕ್ಕಿಂತಲೂ ಹುಳಿ. ಜಠರದ ಒಳಗೋಡೆಗೆ ಲೋಳೆಯ ದಪ್ಪ ಹೊದಿಕೆ ಇರುವುದರಿಂದ ಅದು ತಡೆದುಕೊಳ್ಳುತ್ತದೆ. ಅನ್ನನಾಳಕ್ಕೆ ಆ ರಕ್ಷಣೆ ಇಲ್ಲ.

ಬಾಗಿಲು ಸದಾ ಸಡಿಲವಾಗಿರುವುದರಿಂದ ಆಮ್ಲ ಮೇಲೇರುತ್ತದೆ ಎಂಬ ಭಾವನೆ ಬಹುಕಾಲ ಇತ್ತು. ಹೆಚ್ಚಿನ ರೋಗಿಗಳಲ್ಲಿ ನಡೆಯುವುದು ಬೇರೆ. ಜಠರದ ಮೇಲ್ಭಾಗ ಹಿಗ್ಗಿದಾಗ, ನುಂಗುವ ಕ್ರಿಯೆ ಇಲ್ಲದಿದ್ದರೂ, ಈ ಬಳೆ ಹತ್ತಾರು ಸೆಕೆಂಡು ತಾನಾಗಿ ಸಡಿಲಗೊಳ್ಳುತ್ತದೆ. ಒಳಗಿನ ಗಾಳಿಯನ್ನು ತೇಗಾಗಿ ಹೊರಹಾಕಲು ದೇಹ ಮಾಡಿಕೊಂಡ ವ್ಯವಸ್ಥೆ ಇದು. ಹೊಟ್ಟೆ ಬಿರಿಯ ಉಂಡಾಗ ಇಂಥ ಸಡಿಲಿಕೆಗಳು ಹೆಚ್ಚುತ್ತವೆ, ತೇಗಿನ ದಾರಿಯಲ್ಲೇ ಆಮ್ಲವೂ ಬರುತ್ತದೆ.

ಇದಕ್ಕೆ ಇನ್ನೊಂದು ಅಂಶ ಕೂಡುತ್ತದೆ. ಉಂಡ ಅನ್ನ ಜಠರದಲ್ಲಿ ಆಮ್ಲದೊಂದಿಗೆ ಬೆರೆತು ಅದರ ಹುಳಿಯನ್ನು ತಗ್ಗಿಸುತ್ತದೆ. ಆದರೆ ಹೊಸದಾಗಿ ಸ್ರವಿಸಿದ ಆಮ್ಲದ ಒಂದು ಪದರ ಊಟದೊಂದಿಗೆ ಬೆರೆಯದೆ, ಸಾರಿನ ಮೇಲೆ ತೇಲುವ ಎಣ್ಣೆಯಂತೆ, ಸ್ನಾಯುಬಳೆಯ ಕೆಳಗೇ ನಿಲ್ಲುತ್ತದೆ. 2001ರಲ್ಲಿ ವಿವರಿಸಲಾದ ಈ ‘ಆಮ್ಲದ ಕಿಸೆ’ ಊಟವಾದ ಕಾಲು ಗಂಟೆಯ ಹೊತ್ತಿಗೆ ಕಾಣಿಸಿಕೊಂಡು ಎರಡು ಗಂಟೆಯವರೆಗೂ ಉಳಿಯಬಹುದು. ಅನ್ನ ಹೊಟ್ಟೆಗೆ ಬಿದ್ದ ಮೇಲೆಯೇ ಉರಿ ಹತ್ತುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಮೇಲೇರಿದ ಆಮ್ಲವನ್ನು ದೇಹ ಮೂರು ಬಗೆಯಲ್ಲಿ ಕೆಳಗಿಳಿಸುತ್ತದೆ: ಭೂಮಿಯ ಸೆಳೆತ, ಅನ್ನನಾಳದ ಅಲೆಯಂಥ ಚಲನೆ, ಬೈಕಾರ್ಬನೇಟ್ ತುಂಬಿದ ಜೊಲ್ಲು. ನಿದ್ದೆಯಲ್ಲಿ ನುಂಗುವುದು ತೀರ ವಿರಳ, ಜೊಲ್ಲು ಬಹುತೇಕ ನಿಂತಿರುತ್ತದೆ, ದೇಹ ಅಡ್ಡಲಾಗಿರುತ್ತದೆ. ಮೂರೂ ನೆರವು ಒಟ್ಟಿಗೆ ತಪ್ಪುವುದರಿಂದ ರಾತ್ರಿ ಮೇಲೇರಿದ ಆಮ್ಲ ಅನ್ನನಾಳದಲ್ಲಿ ಹೆಚ್ಚು ಹೊತ್ತು ನಿಂತು ಹೆಚ್ಚು ಹಾನಿ ಮಾಡುತ್ತದೆ.

ಪಥ್ಯದ ಹಿನ್ನೆಲೆ

ಜಠರದ ಹುಳಿ ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ. ಗುಂಡೇಟಿನಿಂದ ಹೊಟ್ಟೆಯಲ್ಲಿ ಮುಚ್ಚದ ಕಿಂಡಿ ಉಳಿದಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಜಠರವನ್ನು ವರ್ಷಗಟ್ಟಲೆ ಗಮನಿಸಿ, ಯಾವ ಆಹಾರ ಎಷ್ಟು ಹೊತ್ತಿನಲ್ಲಿ ಕರಗುತ್ತದೆ ಎಂಬ ವಿವರವನ್ನು ಅಮೆರಿಕದ ಸೇನಾವೈದ್ಯ ವಿಲಿಯಂ ಬೋಮಾಂಟ್ 1833ರಲ್ಲಿ ಪುಸ್ತಕವಾಗಿ ಹೊರತಂದ. 1915ರಲ್ಲಿ ಬರ್ಟ್ರಮ್ ಸಿಪ್ಪಿ ಎಂಬ ವೈದ್ಯ ಜಠರದ ಹುಣ್ಣಿಗೆ ಗಂಟೆಗೊಮ್ಮೆ ಹಾಲು, ಕೆನೆ ಕೊಡುವ ಪಥ್ಯವನ್ನು ಪ್ರಚಾರಕ್ಕೆ ತಂದ. ಅದು ಹಲವು ದಶಕ ಪ್ರಪಂಚದಾದ್ಯಂತ ನಡೆಯಿತು. ‘ಹೊಟ್ಟೆ ಉರಿದರೆ ತಣ್ಣನೆ ಹಾಲು’ ಎಂಬ ಸಲಹೆ ಇಂದಿಗೂ ಉಳಿದಿರುವುದರಲ್ಲಿ ಆ ಪಥ್ಯದ ಪಾಲೂ ಇದೆ. ಆಮ್ಲದಿಂದ ಅನ್ನನಾಳವೇ ಉರಿಯೂತಕ್ಕೆ ಒಳಗಾಗುವುದನ್ನು ಆಶರ್ ವಿಂಕೆಲ್‌ಸ್ಟೈನ್ 1935ರಲ್ಲಿ ವಿವರಿಸಿದ ಮೇಲೆ ಎದೆಯುರಿಗೆ ಜಠರದ ಹುಣ್ಣಿನಿಂದ ಬೇರೆಯಾದ ಗುರುತು ಸಿಕ್ಕಿತು.

ಭಾರತದಲ್ಲಿ ಆಯುರ್ವೇದ ಇದನ್ನು ‘ಅಮ್ಲಪಿತ್ತ’ ಎಂದು ಕರೆಯಿತು. ಕಾಶ್ಯಪ ಸಂಹಿತೆಯೂ ಮಾಧವ ನಿದಾನವೂ ಇದನ್ನು ಪ್ರತ್ಯೇಕ ರೋಗವಾಗಿ ಹೇಳುತ್ತವೆ. ಮೇಲ್ಮುಖವಾಗಿ ಹರಿಯುವುದು, ಕೆಳಮುಖವಾಗಿ ಹರಿಯುವುದು ಎಂಬ ವಿಂಗಡಣೆಯೂ ಅಲ್ಲಿದೆ. ಹಳೆಯ ಅಕ್ಕಿ, ಹೆಸರುಕಾಳು, ಪಡವಲ, ಬೂದುಗುಂಬಳಗಳು ಆ ಸಂಪ್ರದಾಯದ ಪಥ್ಯ. ಕೊಬ್ಬು ಕಡಿಮೆಯಿರುವ, ಮೆತ್ತಗಿನ, ಖಾರವಿಲ್ಲದ ಊಟ ಎಂಬ ಅರ್ಥದಲ್ಲಿ ನೋಡಿದರೆ ಆ ಪಟ್ಟಿಗೂ ಇಂದಿನ ಸಲಹೆಗೂ ದೊಡ್ಡ ಜಗಳವಿಲ್ಲ.

1970ರ ದಶಕದ ಆಸುಪಾಸಿನಲ್ಲಿ ಸ್ನಾಯುಬಳೆಯ ಒತ್ತಡವನ್ನು ಅಳೆದು ನೋಡಿದಾಗ ಚಾಕೊಲೇಟ್, ಪುದೀನ, ಕೊಬ್ಬು, ಮದ್ಯ ಇವು ಒತ್ತಡ ತಗ್ಗಿಸುವುದು ಕಂಡಿತು. ನಿಷೇಧದ ಪಟ್ಟಿಗಳು ಬಹುಮಟ್ಟಿಗೆ ಅಲ್ಲಿಂದ ಬಂದವು. ಅದೇ ಹೊತ್ತಿಗೆ, 1976ರಲ್ಲಿ, ಆಮ್ಲದ ಸ್ರಾವ ತಗ್ಗಿಸುವ ಸಿಮೆಟಿಡಿನ್ ಮಾತ್ರೆ ಮಾರುಕಟ್ಟೆಗೆ ಬಂತು. 1988ರಲ್ಲಿ ಒಮೆಪ್ರಜೋಲ್ ಬಂತು. ಮಾತ್ರೆ ಇಷ್ಟು ಚೆನ್ನಾಗಿ ಕೆಲಸ ಮಾಡುವಾಗ ಪಥ್ಯದ ಪರೀಕ್ಷೆ ಹಿಂದೆ ಬಿತ್ತು. 2006ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜೋಡಿಸಿ ನೋಡಿದಾಗ, ರೋಗ ತಗ್ಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿದ್ದು ಎರಡಕ್ಕೆ ಮಾತ್ರ: ತೂಕ ಇಳಿಸುವುದು, ಹಾಸಿಗೆಯ ತಲೆಭಾಗ ಎತ್ತರಿಸುವುದು. ಬಿಡಬೇಕೆಂದು ಹೇಳುವ ಒಂದೊಂದು ಪದಾರ್ಥವನ್ನು ಬಿಟ್ಟು ಗುಣವಾದ ಪುರಾವೆ ಬಹಳ ತೆಳುವಾಗಿತ್ತು. ಅಮೆರಿಕದ ಜಠರಕರುಳು ತಜ್ಞರ ಕಾಲೇಜು 2022ರಲ್ಲಿ ಹೊರತಂದ ಮಾರ್ಗಸೂಚಿ ಈ ಎರಡರ ಜೊತೆಗೆ ಮಲಗುವ 2–3 ಗಂಟೆ ಮೊದಲೇ ಊಟ ಮುಗಿಸುವುದು, ತಂಬಾಕು ಬಿಡುವುದು, ತನಗೆ ಆಗದ ಆಹಾರವನ್ನು ಬಿಡುವುದು ಎಂಬುದನ್ನು ಸೇರಿಸಿದೆ.

ತೂಕ ಮತ್ತು ಸೊಂಟ

ಸೊಂಟದ ಸುತ್ತ ಕೂಡಿದ ಬೊಜ್ಜು ಜಠರವನ್ನು ಹೊರಗಿನಿಂದ ಒತ್ತುತ್ತದೆ. ಒಳಗಿನ ಒತ್ತಡ ಹೆಚ್ಚಿ ಆಮ್ಲ ಮೇಲಕ್ಕೆ ತಳ್ಳಿಕೊಳ್ಳುತ್ತದೆ, ಹಯಾಟಸ್ ಹರ್ನಿಯಾ ಆಗುವ ಸಾಧ್ಯತೆಯೂ ಹೆಚ್ಚುತ್ತದೆ. ಅಮೆರಿಕದ ದಾದಿಯರ ಆರೋಗ್ಯ ಅಧ್ಯಯನದ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿ 2006ರಲ್ಲಿ ಪ್ರಕಟವಾಯಿತು. ಬಿ.ಎಂ.ಐ. 3.5ಕ್ಕಿಂತ ಹೆಚ್ಚು ಏರಿದವರಲ್ಲಿ ಪದೇ ಪದೇ ಎದೆಯುರಿ ಬರುವ ಸಾಧ್ಯತೆ ಸುಮಾರು ಮೂರು ಪಟ್ಟಾಗಿತ್ತು. ‘ಸಾಮಾನ್ಯ’ ತೂಕದ ಮಿತಿಯೊಳಗೇ ದಪ್ಪಗಾದವರಲ್ಲೂ ತೊಂದರೆ ಹೆಚ್ಚಿದ್ದು ಅದರಲ್ಲಿ ಗಮನಿಸಬೇಕಾದ ಅಂಶ. ಇಳಿಸಿದರೆ ಫಲವುಂಟೇ ಎಂಬುದಕ್ಕೂ ಉತ್ತರ ಸಿಕ್ಕಿದೆ. 332 ಮಂದಿ ಸ್ಥೂಲಕಾಯರಿಗೆ ಆಹಾರ, ವ್ಯಾಯಾಮಗಳ ಕಾರ್ಯಕ್ರಮ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಿಫ್ಲಕ್ಸ್ ಇದ್ದವರ ಪ್ರಮಾಣ ಶೇ. 37ರಿಂದ ಶೇ. 15ಕ್ಕೆ ಇಳಿಯಿತು.

ಭಾರತೀಯರ ಮೈಕಟ್ಟಿಗೆ ಬಿ.ಎಂ.ಐ. 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ತೆಳುವಾದ ಕೈಕಾಲು, ಮುಂದೆ ಬಂದ ಹೊಟ್ಟೆ ಇರುವವರು ತಾವು ದಪ್ಪವಿಲ್ಲವೆಂದು ಭಾವಿಸುವುದು ಸಹಜ. ಎದೆಯುರಿಯ ಮಟ್ಟಿಗೆ ತಕ್ಕಡಿಗಿಂತ ಅಳತೆಪಟ್ಟಿ ಹೆಚ್ಚು ನಿಜ ಹೇಳುತ್ತದೆ. ಸೊಂಟಕ್ಕೆ ಬಿಗಿಪಟ್ಟಿ ಕಟ್ಟಿ ನಡೆಸಿದ ಪರೀಕ್ಷೆಗಳಲ್ಲಿ ಆಮ್ಲ ಮೇಲೇರುವುದು ಹೆಚ್ಚಿದ್ದು ಕಂಡಿದೆ. ಊಟದ ಹೊತ್ತಿಗೆ ಬೆಲ್ಟನ್ನೋ ಲಂಗದ ಲಾಡಿಯನ್ನೋ ಸಡಿಲಿಸುವುದು ಇದೇ ಕಾರಣಕ್ಕೆ ಉಪಯುಕ್ತ.

ಹೊತ್ತು ಮತ್ತು ಪ್ರಮಾಣ

ಗಟ್ಟಿ ಊಟವೊಂದು ಜಠರದಿಂದ ಪೂರ್ತಿ ಇಳಿಯಲು ಸುಮಾರು ನಾಲ್ಕು ಗಂಟೆ ಬೇಕು. ಎರಡು ಗಂಟೆಯ ಹೊತ್ತಿಗೆ ಅರ್ಧದಷ್ಟು ಇನ್ನೂ ಒಳಗೇ ಇರುವುದು ಅಸಹಜವಲ್ಲ. ರಾತ್ರಿ ಹತ್ತಕ್ಕೆ ಎರಡು ಮುದ್ದೆ, ಸಾರು, ಮೇಲೆ ಅನ್ನ–ಮೊಸರು ಉಂಡು ಹತ್ತೂವರೆಗೆ ಮಲಗುವವರ ಸ್ಥಿತಿಯನ್ನು ಗಮನಿಸಬೇಕು. ಜಠರ ಹಿಗ್ಗಿದೆ, ಸ್ನಾಯುಬಳೆ ಮತ್ತೆ ಮತ್ತೆ ಸಡಿಲಗೊಳ್ಳುತ್ತಿದೆ, ಆಮ್ಲದ ಕಿಸೆ ಆಗಷ್ಟೇ ತುಂಬಿದೆ, ದೇಹ ಅಡ್ಡಲಾಗಿದೆ. ಅದೇ ಮುದ್ದೆ, ಅದೇ ಸಾರನ್ನು ಏಳೂವರೆಗೆ ಉಂಡಿದ್ದರೆ ಈ ನಾಲ್ಕೂ ಒಂದೇ ಗಳಿಗೆಯಲ್ಲಿ ಕೂಡುತ್ತಿರಲಿಲ್ಲ. ಜಪಾನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನದಲ್ಲಿ, ಊಟವಾದ ಮೂರು ಗಂಟೆಯೊಳಗೆ ಮಲಗುವವರಲ್ಲಿ ರಿಫ್ಲಕ್ಸ್ ಸಾಧ್ಯತೆ ನಾಲ್ಕು ಗಂಟೆ ಬಿಡುವವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು.

ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವುದು ಜೈನರ ಧಾರ್ಮಿಕ ನಿಯಮ. ಅಹಿಂಸೆಗಾಗಿ ಹುಟ್ಟಿದ ಆ ನಿಯಮ ಊಟಕ್ಕೂ ನಿದ್ದೆಗೂ ನಡುವೆ ಬೇಕಾದ ಅಂತರವನ್ನು ತಾನಾಗಿಯೇ ಕೊಡುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಕೆಲಸ ಮುಗಿಸಿ ಮನೆ ಸೇರುವುದೇ ರಾತ್ರಿ ಒಂಬತ್ತಾದವರಿಗೆ ಅಷ್ಟು ಬೇಗ ಊಟ ಸಾಧ್ಯವಿಲ್ಲ. ಅಂಥವರು ದಿನದ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಸರಿಸಿ, ಸಂಜೆ ಆರರ ಹೊತ್ತಿಗೆ ಇಡ್ಲಿಯನ್ನೋ ಅವಲಕ್ಕಿಯನ್ನೋ ತಿಂದು, ರಾತ್ರಿ ಗಂಜಿ ಇಲ್ಲವೇ ಎರಡು ಚಪಾತಿಯಷ್ಟಕ್ಕೆ ನಿಲ್ಲಿಸಬಹುದು. ರಾತ್ರಿ ಪಾಳಿಯವರಿಗೂ ಲೆಕ್ಕ ಇದೇ: ಹೊತ್ತು ಯಾವುದಾದರೂ ಇರಲಿ, ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಬೇಕು.

ಪ್ರಮಾಣದ ವಿಷಯವೂ ಹೀಗೆಯೇ. ಒಂದೇ ಬಾರಿಗೆ ಹೊಟ್ಟೆ ತುಂಬುವುದಕ್ಕಿಂತ ಅದೇ ಊಟವನ್ನು ಎರಡು ಬಾರಿಗೆ ಹಂಚಿ ಉಂಡರೆ ಜಠರ ಹಿಗ್ಗುವುದು ಕಡಿಮೆ. ಏಕಾದಶಿಯ ಉಪವಾಸ ಮುರಿಯುವಾಗ, ರಂಜಾನಿನ ಇಫ್ತಾರಿನಲ್ಲಿ, ಮದುವೆಯ ಬಾಳೆಯೆಲೆಯ ಮುಂದೆ ತೊಂದರೆ ಏಳುವುದು ದೀರ್ಘ ಹಸಿವಿನ ನಂತರದ ಭಾರಿ ಊಟದಿಂದ. ಗಬಗಬನೆ ತಿಂದಾಗ ನುಂಗಿದ ಗಾಳಿ ತೇಗಾಗಿ ಆಮ್ಲವನ್ನೂ ಜೊತೆಗೆ ತರುತ್ತದೆ. ನಿಧಾನವಾಗಿ ಅಗಿದು ಉಣ್ಣಬೇಕು ಎಂಬ ಹಿರಿಯರ ಮಾತಿಗೆ ಇಲ್ಲಿ ನೇರ ಅರ್ಥವಿದೆ.

ಹಾಸಿಗೆ ಮತ್ತು ಮಗ್ಗುಲು

ರಾತ್ರಿ ಉರಿಯಿಂದ ಎಚ್ಚರವಾಗುವವರಿಗೆ ಮಂಚದ ತಲೆಭಾಗದ ಕಾಲುಗಳ ಕೆಳಗೆ 15–20 ಸೆಂ.ಮೀ. ಎತ್ತರದ ಮರದ ದಿಮ್ಮಿ ಅಥವಾ ಇಟ್ಟಿಗೆ ಇಡುವುದು ಅಗ್ಗದ, ಪರೀಕ್ಷಿತ ಉಪಾಯ. ದಿಂಬಿನ ಮೇಲೆ ದಿಂಬು ಇಟ್ಟರೆ ಕುತ್ತಿಗೆ, ಸೊಂಟ ಬಾಗಿ ಹೊಟ್ಟೆಯ ಒತ್ತಡ ಹೆಚ್ಚುತ್ತದಲ್ಲದೆ ಅನ್ನನಾಳ ಇಳಿಜಾರಾಗುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗುವವರು ಸೊಂಟದಿಂದ ತಲೆಯವರೆಗೂ ಇಳಿಜಾರಾಗಿರುವ ಗಟ್ಟಿ ಫೋಮ್ ದಿಂಬನ್ನು ಬಳಸಬಹುದು. ಎಡಮಗ್ಗುಲಲ್ಲಿ ಮಲಗಿದಾಗ ಜಠರದ ಚೀಲ ಅನ್ನನಾಳದ ಬಾಗಿಲಿಗಿಂತ ಕೆಳಗಿರುತ್ತದೆ, ಬಲಮಗ್ಗುಲಲ್ಲಿ ಮೇಲಾಗುತ್ತದೆ. ಎಡಮಗ್ಗುಲಲ್ಲಿ ಮೇಲೇರಿದ ಆಮ್ಲ ಬೇಗ ಇಳಿಯುವುದನ್ನು ಅಳೆದು ನೋಡಲಾಗಿದೆ. ಮಧ್ಯಾಹ್ನದ ಊಟವಾದ ಕೂಡಲೇ ಅಡ್ಡಾಗುವ ರೂಢಿ ಇರುವವರು ಆರಾಮಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುವುದು ಲೇಸು.

ಪದಾರ್ಥಗಳು ಒಂದೊಂದಾಗಿ

*ಕೊಬ್ಬು.* ಕೊಬ್ಬು ಸಣ್ಣಕರುಳನ್ನು ತಲುಪಿದಾಗ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನ್ ಬಿಡುಗಡೆಯಾಗಿ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ಸ್ನಾಯುಬಳೆ ಸಡಿಲಗೊಳ್ಳುತ್ತದೆ, ಅನ್ನನಾಳದ ಸಂವೇದನೆ ಹೆಚ್ಚುತ್ತದೆ. ಕೊಬ್ಬನ್ನೂ ಕ್ಯಾಲೊರಿಯನ್ನೂ ಬೇರೆ ಬೇರೆಯಾಗಿ ಬದಲಿಸಿ ಹೋಲಿಸಿದಾಗ ಆಮ್ಲ ಮೇಲೇರುವ ಪ್ರಮಾಣಕ್ಕೆ ಊಟದ ಒಟ್ಟು ಕ್ಯಾಲೊರಿಯೂ, ಉರಿಯ ಅನುಭವಕ್ಕೆ ಕೊಬ್ಬೂ ಕಾರಣವಾಗುವುದು ಕಂಡಿದೆ. ಒಗ್ಗರಣೆಯ ಒಂದು ಚಮಚ ಎಣ್ಣೆಯಿಂದ ಹೆದರಬೇಕಾದ್ದಿಲ್ಲ. ಸಂಜೆಯ ಮಿರ್ಚಿ ಬಜ್ಜಿ, ಬೋಂಡ, ಪೂರಿ–ಸಾಗು, ಎಣ್ಣೆ ತೇಲುವ ಬಿರಿಯಾನಿ ಎಚ್ಚರ ಬೇಡುವ ತಿನಿಸುಗಳು.

*ಖಾರ.* ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಬಿಸಿ ಮತ್ತು ಆಮ್ಲಕ್ಕೆ ಸ್ಪಂದಿಸುವ ಅದೇ ನರತುದಿಗಳನ್ನು ಕೆರಳಿಸುತ್ತದೆ. ಆದ್ದರಿಂದ ಆಮ್ಲ ಹೆಚ್ಚಾಗದಿದ್ದರೂ ಉರಿ ಹೆಚ್ಚಾಗಿ ತೋರುತ್ತದೆ. ಕೆಂಪು ಬಣ್ಣವಿಲ್ಲದ ಸಾರು ಸೇರದವರು ಬ್ಯಾಡಗಿ ಮೆಣಸಿನಕಾಯಿಯನ್ನು ಆರಿಸಿಕೊಳ್ಳಬಹುದು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನ ಮೆಣಸಿನಕಾಯಿಯಿಂದ ಬ್ಯಾಡಗಿಗೆ ಬದಲಾಯಿಸುವುದರಿಂದಲೇ ಕೆಲವರ ಅಡುಗೆ ಸಹ್ಯವಾಗುತ್ತದೆ.

*ಹುಳಿ.* ಹುಣಸೆ, ನಿಂಬೆ, ಟೊಮೆಟೊ, ಕೊಡಗಿನ ಕಾಚಂಪುಳಿ, ಕರಾವಳಿಯ ಪುನರ್ಪುಳಿ ಇವುಗಳಲ್ಲಿ ಹೆಚ್ಚಿನವು ಜಠರರಸದಷ್ಟು ಹುಳಿಯಲ್ಲ. ಇವು ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುವುದಕ್ಕಿಂತ, ಈಗಾಗಲೇ ಕೆರಳಿದ ಅನ್ನನಾಳದ ಮೇಲೆ ಹಾದುಹೋಗುವಾಗ ಉರಿಸುತ್ತವೆ. ಅನ್ನನಾಳ ಮಾಗುವವರೆಗೆ ಕಡಿಮೆ ಮಾಡಿ, ನಂತರ ಮತ್ತೆ ಆರಂಭಿಸಬಹುದು. ಪುನರ್ಪುಳಿ ಶರಬತ್ತು ‘ತಂಪು’ ಎಂದು ಉರಿಯಿದ್ದಾಗಲೇ ಕುಡಿಯುವುದು ರೂಢಿ. ಅದೂ ಹುಳಿಯ ಪಾನೀಯವೇ ಎಂಬುದು ನೆನಪಿರಬೇಕು.

*ಕಾಫಿ, ಟೀ, ಸೋಡಾ.* ಪ್ರಯೋಗಾಲಯದಲ್ಲಿ ಕಾಫಿ ರಿಫ್ಲಕ್ಸ್ ಹೆಚ್ಚಿಸುತ್ತದೆ, ಕೆಫೀನ್ ತೆಗೆದರೆ ಕಡಿಮೆಯಾಗುತ್ತದೆ. ಜನಸಮುದಾಯದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ ಕಾಫಿಗೂ ರೋಗಕ್ಕೂ ಸ್ಪಷ್ಟ ನಂಟು ಸಿಗಲಿಲ್ಲ. ದಾದಿಯರ ಎರಡನೇ ಅಧ್ಯಯನದಲ್ಲಿ ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ಕಾಫಿ, ಟೀ ಅಥವಾ ಸೋಡಾ ಕುಡಿಯುವವರಲ್ಲಿ ಲಕ್ಷಣಗಳು ಹೆಚ್ಚಿದ್ದವು. ತಿಂಡಿಯ ನಂತರ ಒಂದು ಲೋಟ ಫಿಲ್ಟರ್ ಕಾಫಿ ಬಹುಮಂದಿಗೆ ಆಗಿಬರುತ್ತದೆ. ಖಾಲಿ ಹೊಟ್ಟೆಯ ಸ್ಟ್ರಾಂಗ್ ಕಾಫಿ, ಕಚೇರಿಯಲ್ಲಿ ಗಂಟೆಗೊಮ್ಮೆ ಟೀ ತೊಂದರೆಗೆ ದಾರಿ. ಸೋಡಾದ ಗಾಳಿ ಜಠರವನ್ನು ನೇರವಾಗಿ ಹಿಗ್ಗಿಸುತ್ತದೆ.

*ಚಾಕೊಲೇಟ್, ಪುದೀನ, ಹಸಿ ಈರುಳ್ಳಿ.* ಮೊದಲೆರಡು ಸ್ನಾಯುಬಳೆಯನ್ನು ಸಡಿಲಿಸುತ್ತವೆ. ಎದೆಯುರಿ ಇರುವವರಿಗೆ ಹಸಿ ಈರುಳ್ಳಿ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ರಿಫ್ಲಕ್ಸ್ ಹೆಚ್ಚಿತು, ಆರೋಗ್ಯವಂತರಲ್ಲಿ ಹೆಚ್ಚಲಿಲ್ಲ. ಜೋಳದ ರೊಟ್ಟಿಯ ಜೊತೆ ಹಸಿ ಈರುಳ್ಳಿ ಕಡಿದು ತಿನ್ನುವ ಉತ್ತರ ಕರ್ನಾಟಕದ ರೂಢಿಯಲ್ಲಿ ಉರಿ ಬರುವವರು ರೊಟ್ಟಿಯನ್ನು ದೂರದೆ ಈರುಳ್ಳಿಯನ್ನು ಬೇಯಿಸಿ ನೋಡುವುದು ಸರಿ.

*ಮದ್ಯ, ತಂಬಾಕು.* ಎರಡೂ ಸ್ನಾಯುಬಳೆಯನ್ನು ದುರ್ಬಲಗೊಳಿಸುತ್ತವೆ. ತಂಬಾಕು ಜೊಲ್ಲಿನ ಬೈಕಾರ್ಬನೇಟನ್ನೂ ಕಡಿಮೆ ಮಾಡುತ್ತದೆ. ಊಟದ ನಂತರ ಏನನ್ನಾದರೂ ಜಗಿದರೆ ಜೊಲ್ಲು ಹೆಚ್ಚಿ ಆಮ್ಲ ಇಳಿಯುತ್ತದೆ ಎಂಬುದನ್ನು ಚೂಯಿಂಗ್ ಗಮ್ ಕೊಟ್ಟು ಪರೀಕ್ಷಿಸಿದ್ದಾರೆ. ಆ ಕೆಲಸಕ್ಕೆ ಅಡಿಕೆ ಬೇಡ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅದನ್ನು ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿದೆ. ಒಂದು ಚಿಟಿಕೆ ಸೋಂಪು ಸಾಕು.

ಸೇರಿಸಬೇಕಾದ್ದು: ನಾರು

ಪಥ್ಯವೆಂದರೆ ಬಿಡುವುದು ಎಂದೇ ಆಗಿರುವಾಗ, ಸೇರಿಸಬೇಕಾದ ಒಂದನ್ನು ಒತ್ತಿ ಹೇಳಬೇಕು. ಅನ್ನನಾಳದಲ್ಲಿ ಸವೆತವಿಲ್ಲದ ರಿಫ್ಲಕ್ಸ್ ಇದ್ದು, ನಾರು ಕಡಿಮೆ ತಿನ್ನುತ್ತಿದ್ದ 30 ಮಂದಿಗೆ ದಿನಕ್ಕೆ ಮೂರು ಬಾರಿ 5 ಗ್ರಾಂ ಇಸಬ್ಗೋಲು ಕೊಟ್ಟ 2018ರ ಅಧ್ಯಯನದಲ್ಲಿ ಎದೆಯುರಿ ಇರುವವರ ಪ್ರಮಾಣ ಶೇ. 93ರಿಂದ ಶೇ. 40ಕ್ಕೆ ಇಳಿಯಿತು. ಸಣ್ಣ ಅಧ್ಯಯನವಾದರೂ ನಾರು ಹೆಚ್ಚಿದ್ದರೆ ಒಳಿತು ಎಂಬ ಇತರ ಅಧ್ಯಯನಗಳ ಜೊತೆ ಅದು ಹೊಂದುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಂಗೂ ಕಡಿಮೆ. ಮುದ್ದೆ, ರೊಟ್ಟಿ, ಸೊಪ್ಪಿನ ಪಲ್ಯ, ಹೆಸರುಬೇಳೆ ಕೋಸಂಬರಿಗಳ ಹಳೆಯ ತಟ್ಟೆ ಈ ದೃಷ್ಟಿಯಿಂದ ಒಳ್ಳೆಯ ತಟ್ಟೆ. ಅದನ್ನು ಬಿಟ್ಟು ಬ್ರೆಡ್ಡು, ಬನ್ನಿಗೆ ಬದಲಾಯಿಸುವುದು ಹಿನ್ನಡೆ. ಸಕ್ಕರೆ, ಮೈದಾ ಕಡಿಮೆ ಮಾಡಿದಾಗ ಅನ್ನನಾಳದ ಆಮ್ಲ ಕಡಿಮೆಯಾದದ್ದನ್ನು ತೋರಿಸುವ ಸಣ್ಣ ಪರೀಕ್ಷೆಗಳೂ ಇವೆ.

ಮನೆಮದ್ದುಗಳ ಬೆಲೆ

ತಣ್ಣನೆ ಹಾಲು ಕೆಲವು ನಿಮಿಷ ಆಮ್ಲವನ್ನು ತಗ್ಗಿಸುತ್ತದೆ. ಬಳಿಕ ಅದರ ಪ್ರೋಟೀನ್, ಕ್ಯಾಲ್ಸಿಯಂಗಳೇ ಆಮ್ಲದ ಸ್ರಾವವನ್ನು ಪ್ರಚೋದಿಸುತ್ತವೆ. ಸಿಪ್ಪಿಯ ಪಥ್ಯ ಮರೆಯಾಗಲು ಇದೂ ಒಂದು ಕಾರಣ. ಮಲಗುವ ಮುನ್ನ ದೊಡ್ಡ ಲೋಟ ಹಾಲು ಕುಡಿಯುವುದು ತುಂಬಿದ ಹೊಟ್ಟೆಯಲ್ಲಿ ಮಲಗಿದಂತೆಯೇ. ಬೆಣ್ಣೆ ತೆಗೆದ, ಹುಳಿಯಾಗದ ನೀರುಮಜ್ಜಿಗೆ ಮಧ್ಯಾಹ್ನದ ಊಟಕ್ಕೆ ಬಹುಮಂದಿಗೆ ಒಗ್ಗುತ್ತದೆ. ಅಡುಗೆ ಸೋಡಾ ಆಮ್ಲವನ್ನು ತಟಸ್ಥಗೊಳಿಸುವುದು ನಿಜ, ಆದರೆ ಆಗ ಹುಟ್ಟುವ ಗಾಳಿ ಜಠರವನ್ನು ಹಿಗ್ಗಿಸುತ್ತದೆ. ಅದರ ಸೋಡಿಯಂ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ. ಶುಂಠಿ ಜಠರ ಬೇಗ ಖಾಲಿಯಾಗಲು ನೆರವಾಗುತ್ತದೆ, ಹೆಚ್ಚಾದರೆ ತಾನೇ ಉರಿಸುತ್ತದೆ. ಬೆಳಗಿನ ನಿಂಬೆನೀರು, ಆಪಲ್ ಸೈಡರ್ ವಿನೆಗರ್ ಎದೆಯುರಿಗೆ ಮದ್ದು ಎಂಬ ಪ್ರಚಾರಕ್ಕೆ ಒಪ್ಪಬಹುದಾದ ಪರೀಕ್ಷೆಯ ಬೆಂಬಲವಿಲ್ಲ.

ತನ್ನ ಪಟ್ಟಿ ತಾನೇ ಮಾಡಿಕೊಳ್ಳುವ ಬಗೆ

ಒಬ್ಬರಿಗೆ ಕೆರಳಿಸುವ ಬದನೆಕಾಯಿ ಎಣ್ಣೆಗಾಯಿ ಇನ್ನೊಬ್ಬರಿಗೆ ಏನೂ ಮಾಡದಿರಬಹುದು. ಆದ್ದರಿಂದ ಮುದ್ರಿತ ಪಟ್ಟಿಗಿಂತ ರೋಗಿಯ ಕೈಯಲ್ಲಿರುವ ನೋಟ್‌ಬುಕ್ ಹೆಚ್ಚು ಉಪಯುಕ್ತ. ಎರಡು ವಾರ ದಿನಕ್ಕೆ ನಾಲ್ಕು ವಿಷಯ ಬರೆದಿಡಬೇಕು: ಏನನ್ನು ಎಷ್ಟು ತಿಂದದ್ದು, ಎಷ್ಟು ಹೊತ್ತಿಗೆ ತಿಂದದ್ದು, ಎಷ್ಟು ಹೊತ್ತಿಗೆ ಮಲಗಿದ್ದು, ಉರಿ ಯಾವಾಗ ಬಂದದ್ದು. ಅನುಮಾನ ಮೂಡಿದ ಒಂದೇ ಪದಾರ್ಥವನ್ನು ಎರಡು–ಮೂರು ವಾರ ಬಿಟ್ಟು, ಮತ್ತೆ ತಿಂದು ನೋಡಬೇಕು. ಬಿಟ್ಟಾಗ ಉರಿ ತಗ್ಗಿ, ತಿಂದಾಗ ಮರಳಿದರೆ ಮಾತ್ರ ಅದು ತನ್ನ ಪಟ್ಟಿಗೆ ಸೇರುತ್ತದೆ. ಹತ್ತನ್ನು ಒಟ್ಟಿಗೆ ಬಿಟ್ಟರೆ ಯಾವುದು ಕಾರಣವೆಂದು ಎಂದಿಗೂ ತಿಳಿಯುವುದಿಲ್ಲ. ಬೇಳೆ, ಕಾಳು, ಹಣ್ಣು, ತರಕಾರಿಗಳನ್ನೆಲ್ಲ ಬಿಟ್ಟು ಮೊಸರನ್ನಕ್ಕೆ ಇಳಿದ ವಯಸ್ಸಾದವರಲ್ಲಿ ಪೋಷಣೆಯ ಕೊರತೆ ಎದೆಯುರಿಗಿಂತ ದೊಡ್ಡ ತೊಂದರೆಯಾಗುತ್ತದೆ.

ವಿಶೇಷ ಸಂದರ್ಭಗಳು

ಗರ್ಭಿಣಿಯರಲ್ಲಿ ಪ್ರೊಜೆಸ್ಟಿರಾನ್ ಹಾರ್ಮೋನ್ ಸ್ನಾಯುಬಳೆಯನ್ನು ಸಡಿಲಿಸುತ್ತದೆ, ಬೆಳೆಯುವ ಗರ್ಭ ಜಠರವನ್ನು ಒತ್ತುತ್ತದೆ. ಸಣ್ಣ ಸಣ್ಣ ಊಟ, ಎತ್ತರದ ಹಾಸಿಗೆ, ಎಡಮಗ್ಗುಲು ಇವೇ ಮೊದಲ ಚಿಕಿತ್ಸೆ. ಹೆರಿಗೆಯ ನಂತರ ಹೆಚ್ಚಿನವರಲ್ಲಿ ಉರಿ ತಾನಾಗಿ ಹೋಗುತ್ತದೆ. ಎಳೆಮಕ್ಕಳು ಹಾಲು ಕಕ್ಕುವುದು ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿದ್ದು, ಒಂದು–ಒಂದೂವರೆ ವರ್ಷದೊಳಗೆ ನಿಲ್ಲುತ್ತದೆ. ತೂಕ ಏರುತ್ತಿರುವ ಮಗುವಿಗೆ ಮದ್ದು ಬೇಡ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಜಠರ ಖಾಲಿಯಾಗುವುದೇ ನಿಧಾನವಾಗಿರಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳು, ಹೃದಯದ ನೈಟ್ರೇಟ್‌ಗಳು ಸ್ನಾಯುಬಳೆಯನ್ನು ಸಡಿಲಿಸುತ್ತವೆ. ನೋವಿನ ಮಾತ್ರೆಗಳು, ಡಾಕ್ಸಿಸೈಕ್ಲಿನ್, ಮೂಳೆಸವೆತದ ಅಲೆಂಡ್ರೊನೇಟ್ ಅನ್ನನಾಳವನ್ನೇ ಸುಡಬಲ್ಲವು. ಇವನ್ನು ತುಂಬು ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆಯಾದರೂ ಮಲಗದೆ ಇರಬೇಕು. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.

ಪಥ್ಯದ ಎಲ್ಲೆ

ಪಥ್ಯದಿಂದ ಎಲ್ಲರೂ ಗುಣವಾಗುವುದಿಲ್ಲ. ಅನ್ನನಾಳ ಸವೆದಿರುವವರಿಗೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆ ಬೇಕೇ ಬೇಕು. ಸಾಮಾನ್ಯವಾಗಿ ಎಂಟು ವಾರ, ಊಟಕ್ಕೆ ಅರ್ಧ–ಒಂದು ಗಂಟೆ ಮೊದಲು. ಔಷಧದಂಗಡಿಯಲ್ಲಿ ಕೇಳಿ ತಂದು ವರ್ಷಗಟ್ಟಲೆ ನುಂಗುವುದು ಬೇರೆ ವಿಷಯ. ಆರೋಗ್ಯವಂತರಿಗೆ ಎಂಟು ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದಾಗ ಶೇ. 44 ಮಂದಿಗೆ ಹೊಸದಾಗಿ ಆಮ್ಲದ ಲಕ್ಷಣಗಳು ಕಂಡದ್ದನ್ನು 2009ರ ಪರೀಕ್ಷೆಯೊಂದು ತೋರಿಸಿದೆ. ಹುಸಿಮಾತ್ರೆ ಪಡೆದ ಗುಂಪಿನಲ್ಲಿ ಅದು ಶೇ. 15. ಆದ್ದರಿಂದ ಆರಂಭಿಸುವುದೂ ನಿಲ್ಲಿಸುವುದೂ ವೈದ್ಯರ ಸಲಹೆಯಂತೆ ಆಗಬೇಕು.

ಕೆಲವು ಲಕ್ಷಣಗಳು ಕಂಡಾಗ ಪಥ್ಯದಲ್ಲಿ ಕಾಲ ಕಳೆಯಬಾರದು. ಎಂದಿನಂತೆ ಜಾರಿ ಇಳಿಯುತ್ತಿದ್ದ ಮುದ್ದೆ ಎದೆಯಲ್ಲಿ ನಿಂತಂತಾಗುವುದು, ನುಂಗುವಾಗ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಟಾರಿನಂಥ ಕಪ್ಪು ಮಲ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ಉರಿ ಇವುಗಳಿಗೆ ಎಂಡೋಸ್ಕೊಪಿ ಬೇಕಾಗಬಹುದು. ಎದೆ ಹಿಂಡಿದಂತಾಗಿ ಬೆವರು, ಉಸಿರುಕಟ್ಟುವಿಕೆ, ತೋಳು ಅಥವಾ ದವಡೆಗೆ ಹರಡುವ ನೋವು ಬಂದರೆ ಅದನ್ನು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗಬಾರದು. ಹೃದಯಾಘಾತದ ಚಿಕಿತ್ಸೆಯಲ್ಲಿ ಅಮೂಲ್ಯವಾದ ಗಂಟೆಗಳು ಹೀಗೆಯೇ ಕಳೆದುಹೋಗುತ್ತವೆ.

ಎಲ್ಲ ಪುರಾವೆಗಳನ್ನು ತೂಗಿ ನೋಡಿದಾಗ ನಿಲ್ಲುವ ಕ್ರಮ ಇದು: ಮೊದಲು ಸೊಂಟದ ಅಳತೆ, ನಂತರ ರಾತ್ರಿಯೂಟದ ಹೊತ್ತು ಮತ್ತು ಪ್ರಮಾಣ, ಆಮೇಲೆ ಹಾಸಿಗೆಯ ಎತ್ತರ, ತಂಬಾಕು–ಮದ್ಯಗಳ ತ್ಯಾಗ, ಕೊನೆಗೆ ತಾನೇ ಪರೀಕ್ಷಿಸಿ ಕಂಡುಕೊಂಡ ಎರಡು–ಮೂರು ಪದಾರ್ಥಗಳು. ದಾದಿಯರ ಎರಡನೇ ಅಧ್ಯಯನದ 2021ರ ಲೆಕ್ಕದಂತೆ ಸರಿಯಾದ ತೂಕ, ಧೂಮಪಾನವಿಲ್ಲದಿರುವುದು, ದಿನಕ್ಕೆ ಅರ್ಧ ಗಂಟೆ ವ್ಯಾಯಾಮ, ಕಾಫಿ–ಟೀ–ಸೋಡಾ ಎರಡು ಲೋಟಕ್ಕೆ ಮಿತಿ, ಸಮತೋಲ ಆಹಾರ ಈ ಐದೂ ಕೂಡಿದರೆ ಎದೆಯುರಿಯ ಪ್ರಕರಣಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ತಡೆಯಬಹುದು. ಇದಕ್ಕೆ ವಿಶೇಷ ಅಡುಗೆಯಾಗಲಿ ದುಬಾರಿ ಪುಡಿಯಾಗಲಿ ಬೇಕಿಲ್ಲ. ಎದೆಯುರಿಯಿಂದ ನರಳುವವರು ನಾಳೆಯಿಂದಲೇ ರಾತ್ರಿಯ ಊಟವನ್ನು ಒಂದು ಗಂಟೆ ಮುಂಚಿತವಾಗಿ ಮಾಡಿ, ಒಂದು ತುತ್ತು ಕಡಿಮೆ ಉಂಡು, ಎರಡು ವಾರ ಬರೆದಿಟ್ಟು ನೋಡಲಿ.